ಮೂಗುದಾರ ಬಿಚ್ಚಿದ ಮೇಲೆ

ಕರಡಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 'ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ' ಅನ್ನುವ ಗಾದೆ. ಅದು ಕಾಡಿನ ಕರಡಿಯಲ್ಲ, ಲಿಂಗ ಇಡುವ ಕರಡಿಗೆ ಅಂತ ತಿದ್ದುವವರೂ ಇದ್ದಾರೆ. ಗಾದೆಯ ಕರಡಿ ಯಾವುದೇ ಇರಲಿ, ನಿಜವಾದ ಕರಡಿಯನ್ನು ನಮ್ಮ ಕಡೆಯ ಬಹಳಷ್ಟು ಜನ ಮೊದಲು ನೋಡಿದ್ದು ಕಾಡಿನಲ್ಲಲ್ಲ, ಓಣಿಯಲ್ಲಿ. ಡಮರು ಬಡಿಯುತ್ತಾ ಒಬ್ಬ ಬರುತ್ತಿದ್ದ. ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಕರಡಿ. ಭಯ ಹೋಗಲಿ ಅಂತ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯಿತದಲ್ಲಿ ಹಾಕಿ ಕೂಸಿನ ಕೊರಳಿಗೆ ಕಟ್ಟುತ್ತಿದ್ದರು. ನಾಲ್ಕಾಣೆ ಎಂಟಾಣೆ, ಒಂದು ಬೊಗಸೆ ಜೋಳ, ಹಳೇ ಸೀರೆ... ಅಷ್ಟಕ್ಕೆ ಆಟ ಮುಗಿಯುತ್ತಿತ್ತು.

ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಂಬದೇ ಇರುವುದೇ ಒಳ್ಳೆಯದು ಬಿಡಿ. ಭಾರತದ ಬೀದಿಯ ಕೊನೆಯ ಕುಣಿಯುವ ಕರಡಿ ಅಂತ ದಾಖಲಾದ 'ರಾಜು'ವಿನ ಹಗ್ಗ ಬಿಚ್ಚಿದ್ದು 2009ರ ಡಿಸೆಂಬರಿನಲ್ಲಿ. ಅದೂ ಎಲ್ಲಿ? ನಮ್ಮ ಬನ್ನೇರುಘಟ್ಟದಲ್ಲಿ.

ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಕಾಯ್ದೆ ಬಂದ ಮೇಲೂ ಕರಡಿಯ ಹಗ್ಗ ಬಿಚ್ಚಲು 37 ವರ್ಷ ಯಾಕೆ ಬೇಕಾಯಿತು? ಮತ್ತೆ ಕೊನೆಗೆ ಬಿಚ್ಚಿದ್ದು ಹೇಗೆ? ಇವತ್ತು ಬರೆಯಲು ಹೊರಟಿದ್ದು ಅದನ್ನೇ.

ಮೊದಲು ಪ್ರಾಣಿಯ ಬಗ್ಗೆ ಸ್ವಲ್ಪ. ಬೀದಿಯಲ್ಲಿ ಕುಣಿಯುತ್ತಿದ್ದದ್ದು ಹೆಚ್ಚಾಗಿ ನಮ್ಮದೇ ಜಾಂಬವಂತನ ಕುಲದ ಕಪ್ಪು ಕರಡಿ, ಇಂಗ್ಲಿಷಿನವರ ಸ್ಲಾತ್ ಬೇರ್. ಭಾರತ ಉಪಖಂಡ ಬಿಟ್ಟರೆ ಇದು ಬೇರೆಲ್ಲೂ ಕಾಡಿನಲ್ಲಿಲ್ಲ. ಆ ಇಂಗ್ಲಿಷ್ ಹೆಸರಿನ ಹಿಂದೆ ಒಂದು ತಮಾಷೆ ಇದೆ. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ಇದರ ಉದ್ದುದ್ದ ಉಗುರು, ವಿಚಿತ್ರ ಹಲ್ಲು ನೋಡಿ ಇದು ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮಂದಗತಿಯ ಪ್ರಾಣಿಯ ಬಳಗದ್ದು ಅಂದುಕೊಂಡು ಆ ಗುಂಪಿಗೆ ಸೇರಿಸಿಬಿಟ್ಟ. ಆಮೇಲೆ ಇದು ಕರಡಿಯೇ ಅಂತ ಗೊತ್ತಾಯಿತು, ಆದರೆ ಹೆಸರು ಅಂಟಿಕೊಂಡೇ ಉಳಿಯಿತು. ಮೇಲಿನ ದವಡೆಯ ಮುಂಭಾಗದಲ್ಲಿ ಎರಡು ಹಲ್ಲು ಇಲ್ಲದಿರುವುದು ಇದರ ಹುಟ್ಟುಗುಣ. ಆ ಸಂದಿಯಿಂದಲೇ ಹುತ್ತದೊಳಗಿನ ಗೆದ್ದಲನ್ನು ಜೋರಾಗಿ ಹೀರುತ್ತದೆ. ಇರುವೆ, ಗೆದ್ದಲು, ಜೇನು, ಬೋರೆ, ನೇರಳೆ, ಕಕ್ಕೆಕಾಯಿ... ಇದೇ ಅದರ ಊಟ. ಹಾಗಂತ ಸಾಧು ಪ್ರಾಣಿಯೇನಲ್ಲ. ಎದುರಾಎದುರು ಸಿಕ್ಕರೆ ಹೆದರಿ ಮೈಮೇಲೆ ಬೀಳುತ್ತದೆ. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ರೈತರನ್ನು ಕೇಳಿ, ಹೇಳುತ್ತಾರೆ.

ಈ ಕರಡಿಯ ಇನ್ನೊಂದು ವಿಶೇಷ ಅಂದರೆ ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಒಂದೋ ಎರಡೋ ಮರಿ, ಬೆನ್ನಿನ ಉದ್ದ ಕೂದಲನ್ನು ಹಿಡಿದು ಕುಳಿತಿರುತ್ತವೆ. ಸುಮಾರು ಎರಡು ವರ್ಷದವರೆಗೂ ಮರಿಗಳು ತಾಯಿಯ ಜೊತೆಗೇ ಇರುತ್ತವೆ. ಯಾವ ಹುತ್ತ ಅಗೆಯಬೇಕು, ಯಾವ ಮರ ಹತ್ತಬೇಕು, ಯಾರನ್ನು ಕಂಡರೆ ಓಡಬೇಕು, ಎಲ್ಲಾ ಕಲಿಯುವುದು ಆಗಲೇ. ಕುಣಿಸಲು ಬೇಕಾಗಿದ್ದದ್ದು ಈ ಪಾಠ ಕಲಿಯದ ಮರಿ. ಅದಕ್ಕಾಗಿ ತಾಯಿಯನ್ನು ಕೊಲ್ಲುತ್ತಿದ್ದರು, ಇಲ್ಲವೇ ಓಡಿಸಿ ಗವಿಯಿಂದ ಮರಿ ಎತ್ತುತ್ತಿದ್ದರು. ಮರಿ ಕೆಲವು ತಿಂಗಳದ್ದಾದಾಗ ಕಾಯಿಸಿದ ಕಬ್ಬಿಣದ ದಬ್ಬಳದಿಂದ ಮೂತಿಯನ್ನು ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆ ಗಿರಿವಳಿಕೆ ಏನೂ ಇಲ್ಲ. ಕಚ್ಚದಿರಲಿ ಅಂತ ಕೋರೆಹಲ್ಲು ಮುರಿಯುತ್ತಿದ್ದರು, ಗಂಡಾದರೆ ಬೀಜ ಒಡೆಯುತ್ತಿದ್ದರು. ಮೂಗುದಾರ ಅಂದರೆ ನಮಗೆ ಎತ್ತು ನೆನಪಾಗುತ್ತದೆ. ಕರಡಿಯ ಮೂತಿಯ ಗಾಯ ಎತ್ತಿನದರಂತೆ ಒಣಗಿ ಸುಮ್ಮನಾಗುತ್ತಿರಲಿಲ್ಲ. ಹಗ್ಗ ಮೇಲಕ್ಕೆ ಜಗ್ಗಿದಾಗಲೆಲ್ಲ ಹಸಿಯಾಗುತ್ತಿತ್ತು. ನೋವಿಗೆ ಕರಡಿ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿತ್ತು, ಕಾಲು ಬದಲಿಸುತ್ತಿತ್ತು. ಅದನ್ನೇ ನಾವೆಲ್ಲ ಕುಣಿತ ಅನ್ನುತ್ತಿದ್ದೆವು.

ಹಾಗಾದರೆ ಹಗ್ಗ ಹಿಡಿದವರು ರಾಕ್ಷಸರಾ? ಇಲ್ಲೇ ಕಥೆ ಸ್ವಲ್ಪ ಕಷ್ಟವಾಗುವುದು.

ಕರಡಿ ಆಡಿಸುತ್ತಿದ್ದವರು ಹೆಚ್ಚಾಗಿ ಖಲಂದರ್ ಸಮುದಾಯದ ಅಲೆಮಾರಿ ಮುಸ್ಲಿಮರು. ಊರೂರು ಅಲೆಯುವ ಸೂಫಿ ಫಕೀರರಿಗಿದ್ದ ಹೆಸರೇ ಇವರಿಗೂ ಬಂದಿದೆ. ಮೊಘಲರ ಕಾಲದಲ್ಲಿ ದರ್ಬಾರಿನಲ್ಲಿ ಕರಡಿ ಆಡಿಸುತ್ತಿದ್ದವರ ವಂಶದವರು ತಾವು ಅನ್ನುವುದು ಅವರ ನಂಬಿಕೆ. ದರ್ಬಾರು ಹೋಯಿತು, ನವಾಬರು ಹೋದರು, ರಾಜರೂ ಹೋದರು. ಉಳಿದದ್ದು ರಸ್ತೆ. ಹೊಲವಿಲ್ಲ, ಓದಿಲ್ಲ, ಬೇರೆ ಕಸುಬು ಗೊತ್ತಿಲ್ಲ. ಇದ್ದ ಒಂದು ಕರಡಿಯೇ ಇಡೀ ಮನೆಯ ಊಟ. ಮರಿಗೆ ಕೊಟ್ಟ ದುಡ್ಡು ಅನೇಕ ಸಲ ಸಾಲದ್ದು. ಕರಡಿ ಸತ್ತರೆ ಸಾಲ ಹಾಗೇ ಉಳಿಯುತ್ತಿತ್ತು, ಇನ್ನೊಂದು ಮರಿಗೆ ಇನ್ನೊಂದು ಸಾಲ. ಆ ಇನ್ನೊಂದು ಮರಿಗಾಗಿ ಕಾಡಿನಲ್ಲಿ ಇನ್ನೊಂದು ತಾಯಿ ಸಾಯಬೇಕಿತ್ತು.

ದೆಹಲಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಇದು ಪುಸ್ತಕದ ಸಂಗತಿಯಲ್ಲ. ತೊಂಬತ್ತರ ದಶಕದಲ್ಲಿ ಊರಿನಿಂದ ಯಾರೇ ಬರಲಿ, ಅತ್ತಿಗೆಯ ತಮ್ಮನೋ, ಪಕ್ಕದ ಮನೆಯ ಮೇಷ್ಟರೋ, ಅವರಿಗೆ ತಾಜ್ ಮಹಲ್ ತೋರಿಸಲೇಬೇಕು. ಬೆಳಗಿನ ಜಾವ ಗಾಡಿ ಮಾಡಿಕೊಂಡು ಆಗ್ರಾಕ್ಕೆ, ಅಲ್ಲಿಂದ ಫತೇಪುರ್ ಸಿಕ್ರಿಗೆ. ಆ ದಾರಿಯುದ್ದಕ್ಕೂ ಮರದ ನೆರಳಿನಲ್ಲಿ ಕರಡಿ ಹಿಡಿದು ನಿಂತವರು ಇರುತ್ತಿದ್ದರು. ದೂರದಿಂದ ಟೂರಿಸ್ಟ್ ಬಸ್ಸು ಕಂಡರೆ ಸಾಕು, ಹಗ್ಗ ಮೇಲೆ ಹೋಗುತ್ತಿತ್ತು, ಕರಡಿ ಎದ್ದು ನಿಲ್ಲುತ್ತಿತ್ತು. ಬಸ್ಸು ನಿಂತರೆ ಫೋಟೋ, ಫೋಟೋಕ್ಕೆ ಹಣ. ನಿಲ್ಲದಿದ್ದರೆ ಕರಡಿ ಮತ್ತೆ ನಾಲ್ಕು ಕಾಲಿಗೆ ಇಳಿಯುತ್ತಿತ್ತು, ಮುಂದಿನ ಬಸ್ಸು ಬರುವ ತನಕ.

ಅನಾಥ ಕರಡಿಮರಿಗೆ ಆಸರೆ ಕೊಟ್ಟ ಉದಾಹರಣೆಗಳು ಹಿಂದೆ ಇರಲಿಲ್ಲ ಅಂತಲ್ಲ. ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಗೊತ್ತಲ್ಲ, ತೇಜಸ್ವಿಯವರ ಅನುವಾದದಿಂದ ಕನ್ನಡಿಗರ ಮನೆಮನೆ ಹೊಕ್ಕವರು. ಮೈಸೂರಿನ ಹತ್ತಿರದ ಕಬ್ಬಿನ ಗದ್ದೆಗಳ ಬಳಿ ಜೊತೆಗಿದ್ದವರ ಗುಂಡಿಗೆ ತಾಯಿ ಸತ್ತಾಗ ಸಿಕ್ಕ ಮರಿಯನ್ನು ಅವರು ಹೆಂಡತಿಗೆ ತಂದುಕೊಟ್ಟರು. ಬ್ರೂನೋ ಅಂತ ಹೆಸರು. ಮನೆಯವರು ಉಂಡದ್ದೆಲ್ಲ ಉಂಡು, ಇಲಿ ಪಾಷಾಣ ತಿಂದು ಬದುಕಿ, ಗಾಡಿಯ ಹಳೇ ಎಣ್ಣೆ ಕುಡಿದೂ ಅರಗಿಸಿಕೊಂಡು ಬೆಳೆಯಿತು. ದೊಡ್ಡದಾದ ಮೇಲೆ ಮೈಸೂರು ಮೃಗಾಲಯಕ್ಕೆ ಕಳಿಸಿದರೆ ಊಟ ಬಿಟ್ಟು ಸೊರಗಿತು. ಕೊನೆಗೆ ವಾಪಸು ತಂದು ಬೆಂಗಳೂರಿನ ಮನೆಯ ಕಾಂಪೌಂಡಿನಲ್ಲೇ ಸುತ್ತ ಕಾಲುವೆ ತೋಡಿ ಪುಟ್ಟ ದ್ವೀಪ ಮಾಡಿಕೊಟ್ಟರು. ಸಿಬಿಎಸ್ಇ ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಈ ಕಥೆ ವರ್ಷಗಟ್ಟಲೆ ಪಾಠವಾಗಿತ್ತು. ಹೊರನಾಡಿನ ಕನ್ನಡ ಮಕ್ಕಳು ನಮ್ಮ ಮೈಸೂರು, ಬೆಂಗಳೂರಿನ ಕರಡಿಯ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದ್ದು ಹೀಗೆ.

ಚೆಂದದ ಕಥೆ. ಆದರೆ ಅದು ದೊಡ್ಡ ಕಾಂಪೌಂಡು ಇದ್ದ ಒಬ್ಬರು, ಒಂದು ಮರಿಗೆ ಪ್ರೀತಿಯಿಂದ ಮಾಡಿದ್ದು. ಕರಡಿಗಳು ನೂರಾರು ಇದ್ದರೆ?

ಸರ್ಕಾರದ ಕಡೆಯಿಂದ ಕಾನೂನಿಗೆ ಕೊರತೆ ಇರಲಿಲ್ಲ. 1972ರ ಕಾಯ್ದೆ ಬೇಟೆಗೆ, ಹಿಡಿಯುವುದಕ್ಕೆ ಕಡಿವಾಣ ಹಾಕಿತ್ತು. ಆಮೇಲೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆಯಂಥ ಪ್ರಾಣಿಗಳನ್ನು ಪಳಗಿಸಿ ಪ್ರದರ್ಶನ ಮಾಡಬಾರದು ಅಂತ ಕೇಂದ್ರ ಸರ್ಕಾರ 1991ರಲ್ಲಿ ಅಧಿಸೂಚನೆ ಹೊರಡಿಸಿತು. ಸರ್ಕಸ್ಸಿನವರು ಕೋರ್ಟಿಗೆ ಹೋದರು. 1998ರ ಅಕ್ಟೋಬರಿನಲ್ಲಿ ಮತ್ತೆ ಅಧಿಸೂಚನೆ. ಕೇರಳ ಹೈಕೋರ್ಟು 2000ದಲ್ಲಿ ಅದನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟು 2001ರಲ್ಲಿ. ಅಲ್ಲಿಗೆ ಕಾಗದದ ಮೇಲೆ ಎಲ್ಲಾ ಮುಗಿಯಿತು.

ರಸ್ತೆಯ ಮೇಲೆ ಮುಗಿಯಲಿಲ್ಲ. ಕಾರಣ ತುಂಬಾ ಸರಳ. ಒಬ್ಬ ಅರಣ್ಯ ಅಧಿಕಾರಿ ಕರಡಿಯನ್ನು ವಶಪಡಿಸಿಕೊಂಡ ಅಂತಿಟ್ಟುಕೊಳ್ಳಿ. ಅದನ್ನು ಇಡುವುದೆಲ್ಲಿ? ಕಾಡಿಗೆ ಬಿಡೋಣ ಅಂದರೆ ಹಲ್ಲಿಲ್ಲ, ಕಾಡು ಗೊತ್ತಿಲ್ಲ, ಮನುಷ್ಯರನ್ನು ಕಂಡರೆ ಹತ್ತಿರ ಬರುತ್ತದೆ. ಮೃಗಾಲಯಕ್ಕೆ ಕೊಡೋಣ ಅಂದರೆ ಅಲ್ಲಿ ಎಷ್ಟಕ್ಕೆ ಜಾಗವಿದ್ದೀತು? ಜೊತೆಗೆ ಈ ಕರಡಿಗಳಲ್ಲಿ ಕ್ಷಯ ರೋಗ ಬೇರೆ, ಉಳಿದ ಪ್ರಾಣಿಗಳಿಗೂ ಅಂಟಬಹುದು. ಕರಡಿ ಕಳೆದುಕೊಂಡವನು ಜೈಲಿಗೆ ಹೋದರೆ ಅವನ ಹೆಂಡತಿ ಮಕ್ಕಳು ಬೀದಿಗೆ, ಬಿಡುಗಡೆಯಾಗಿ ಬಂದ ಮೇಲೆ ಅವನು ಇನ್ನೊಂದು ಮರಿಗೆ. ಕಾನೂನು 'ಬೇಡ' ಅಂದಿತ್ತು, 'ಮತ್ತೇನು' ಅನ್ನುವುದನ್ನು ಹೇಳಿರಲಿಲ್ಲ.

ಆ 'ಮತ್ತೇನು' ಅನ್ನುವ ಪ್ರಶ್ನೆಯನ್ನು ಎತ್ತಿಕೊಂಡವರು ಇಬ್ಬರು. ಒಬ್ಬರು ಗೀತಾ ಶೇಷಮಣಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿದ್ದವರು. ಇಲ್ಲಿನ ಡಿಫೆನ್ಸ್ ಕಾಲೊನಿ ಫ್ಲೈಓವರ್ ಕೆಳಗೆ ಬೀದಿನಾಯಿ ಬೆಕ್ಕುಗಳ ಆಸ್ಪತ್ರೆ ಇದೆಯಲ್ಲ, ಫ್ರೆಂಡಿಕೋಸ್ ಅಂತ, ಆ ಸಂಸ್ಥೆಯಲ್ಲಿ ದುಡಿದವರು. ಇನ್ನೊಬ್ಬರು ಕಾರ್ತಿಕ್ ಸತ್ಯನಾರಾಯಣ್, ಬೆಂಗಳೂರಿನಿಂದ ಬಂದ ಯುವಕ. ಇಬ್ಬರೂ ಸೇರಿ 1995ರಲ್ಲಿ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಶುರು ಮಾಡಿದರು.

ಅವರು ಮೊದಲು ಮಾಡಿದ್ದು ಕರಡಿ ಹಿಡಿಯುವ ಕೆಲಸವಲ್ಲ, ಕೇಳುವ ಕೆಲಸ. ಖಲಂದರರ ಊರುಗಳಿಗೆ ಹೋಗಿ, ಅವರ ಜೊತೆ ಕೂತು, ಎಷ್ಟು ಕರಡಿ ಇವೆ, ಮರಿ ಎಲ್ಲಿಂದ ಬರುತ್ತದೆ, ದಿನಕ್ಕೆ ಎಷ್ಟು ಸಿಗುತ್ತದೆ, ಇದನ್ನು ಬಿಡಬೇಕಾದರೆ ನಿಮಗೆ ಏನು ಬೇಕು ಅಂತ ಕೇಳುತ್ತಾ ಹೋದರು. ಆ ಸಮೀಕ್ಷೆಯಲ್ಲಿ ದೇಶದಲ್ಲಿ ಸುಮಾರು 1,200 ಕುಣಿಯುವ ಕರಡಿಗಳಿವೆ ಅನ್ನುವ ಅಂದಾಜು ಸಿಕ್ಕಿತು. ಜೊತೆಗೆ ಇನ್ನೊಂದು ಸಂಗತಿಯೂ ಸಿಕ್ಕಿತು. ಖಲಂದರರಿಗೂ ತಮ್ಮ ಮಕ್ಕಳು ಈ ಹಗ್ಗ ಹಿಡಿಯಬೇಕು ಅನ್ನುವ ಆಸೆ ಅಷ್ಟೇನೂ ಇರಲಿಲ್ಲ. ಬೇರೆ ದಾರಿ ಇರಲಿಲ್ಲ ಅಷ್ಟೇ.

1999ರಲ್ಲಿ ಉತ್ತರ ಪ್ರದೇಶ ಅರಣ್ಯ ಇಲಾಖೆಯ ಜೊತೆ ಸೇರಿ ಆಗ್ರಾದ ಹತ್ತಿರ ಕರಡಿಗಳಿಗೆ ಒಂದು ಕೇಂದ್ರ ಶುರುವಾಯಿತು. ಜಾಗ ಕೀಠಂ ಕೆರೆಯ ದಡದ ಸೂರ್ ಸರೋವರ ಪಕ್ಷಿಧಾಮ. ಭಕ್ತಕವಿ ಸೂರದಾಸ ಇದ್ದ ಜಾಗ ಅಂತ ನಂಬಿಕೆ, ಅವನ ಹೆಸರಿನ ಕುಟೀರವೂ ಅಲ್ಲಿದೆ. ಸೂರದಾಸ ಕುರುಡ ಅನ್ನುತ್ತದೆ ಪರಂಪರೆ. ಅಲ್ಲಿಗೆ ಬಂದ ಕರಡಿಗಳಲ್ಲೂ ಕಣ್ಣು ಕಳೆದುಕೊಂಡವು ಸಾಕಷ್ಟಿದ್ದವು. 2002ರ ಡಿಸೆಂಬರಿನಲ್ಲಿ ಮೊದಲ ಕರಡಿಗಳು ಅಲ್ಲಿಗೆ ಬಂದವು. ಇಂಗ್ಲೆಂಡಿನ ಇಂಟರ್‌ನ್ಯಾಷನಲ್ ಅನಿಮಲ್ ರೆಸ್ಕ್ಯೂ, ಆಸ್ಟ್ರೇಲಿಯದ ಫ್ರೀ ದ ಬೇರ್ಸ್, ಫ್ರಾನ್ಸಿನ ಒನ್ ವಾಯ್ಸ್ ಸಂಸ್ಥೆಗಳು ಹಣದ ನೆರವು ಕೊಟ್ಟವು. 2005ರಲ್ಲಿ ಬನ್ನೇರುಘಟ್ಟದಲ್ಲಿ, ಆಮೇಲೆ ಭೋಪಾಲದ ವನ ವಿಹಾರ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲೂ ಕೇಂದ್ರಗಳಾದವು.

ಒಪ್ಪಂದ ಹೀಗಿತ್ತು. ಖಲಂದರ್ ತಾನಾಗಿ ಕರಡಿಯನ್ನು ಒಪ್ಪಿಸಬೇಕು, ಇನ್ನು ಮುಂದೆ ಮರಿ ತರುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಬದಲಿಗೆ ಹೊಸ ಕಸುಬಿಗೆ ಸುಮಾರು 50 ಸಾವಿರ ರೂಪಾಯಿ ಬಂಡವಾಳ. ಕೆಲವರು ಆಟೋ ಓಡಿಸಿದರು, ಕೆಲವರು ಚಿಕ್ಕ ಅಂಗಡಿ ಇಟ್ಟರು, ಕೆಲವರು ಜಮಖಾನ ನೇಯಲು ಕಲಿತರು. ಹೆಂಗಸರಿಗೆ ಹೊಲಿಗೆ, ಕಸೂತಿ. ಮಕ್ಕಳ ಶಾಲೆಯ ಖರ್ಚು ಬೇರೆ. ಇನ್ನು ಕೆಲವರಿಗೆ ಕರಡಿ ಕೇಂದ್ರದಲ್ಲೇ ಕೆಲಸ ಸಿಕ್ಕಿತು. ಕರಡಿಯ ಮನಸ್ಸು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನೆಯವರೆಗೆ ಹಗ್ಗ ಜಗ್ಗುತ್ತಿದ್ದ ಕೈ ಗಂಜಿ ಬಡಿಸುವ ಕೈಯಾಯಿತು.

ಇನ್ನು ಕರಡಿಗಳ ಕಡೆ ಬನ್ನಿ. ಹೊಸದಾಗಿ ಬಂದ ಕರಡಿಯನ್ನು ಕೆಲವು ವಾರ ಬೇರೆಯೇ ಇಟ್ಟು ಕ್ಷಯ ಮುಂತಾದ ರೋಗಗಳ ಪರೀಕ್ಷೆ ಮಾಡುತ್ತಿದ್ದರು. ಅರಿವಳಿಕೆ ಕೊಟ್ಟು ಹಗ್ಗ ಕತ್ತರಿಸುತ್ತಿದ್ದರು. ಹಗ್ಗದ ಜಾಗದಲ್ಲಿ ಕೀವು, ಹುಳ, ಮಾಂಸದೊಳಗೆ ಸೇರಿಹೋದ ದಾರ. ಮುರಿದ ಹಲ್ಲಿನ ಬೇರು ಕೊಳೆತಿದ್ದರೆ ಮನುಷ್ಯರಿಗೆ ಮಾಡಿದಂತೆಯೇ ಶಸ್ತ್ರಚಿಕಿತ್ಸೆ. ಆಮೇಲೆ ನಿಧಾನವಾಗಿ ಬಯಲಿಗೆ ಬಿಡುವುದು. ಮಣ್ಣು, ಮರ, ನೀರಿನ ಹೊಂಡ, ಜೇನು ಸವರಿದ ಮರದ ತುಂಡು. ಹುಟ್ಟಿದ ಮೇಲೆ ಮೊದಲ ಸಲ ತನ್ನ ಇಷ್ಟದಂತೆ ಮಣ್ಣು ಅಗೆಯುವ ಕರಡಿಗಳು.

ಆದರೆ ಮೈಯ ಹಗ್ಗ ಬಿಚ್ಚಿದಷ್ಟು ಸುಲಭವಾಗಿ ಮನಸ್ಸಿನದು ಬಿಚ್ಚುವುದಿಲ್ಲ. ಎಷ್ಟೋ ಕರಡಿಗಳು ತಿಂಗಳುಗಟ್ಟಲೆ ನಿಂತಲ್ಲೇ ತಲೆ ಆಡಿಸುತ್ತಿದ್ದವು, ಹಗ್ಗದ ಉದ್ದದಷ್ಟೇ ಜಾಗದಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದವು. ಬಲ್ಗೇರಿಯದಲ್ಲೂ ಇದೇ ಕಥೆ. ಅಲ್ಲಿ ರೋಮಾ ಅಲೆಮಾರಿಗಳು ಕಂದು ಕರಡಿ ಕುಣಿಸುತ್ತಿದ್ದರು. 2000ದಲ್ಲಿ ಬೆಲಿತ್ಸಾ ಎಂಬಲ್ಲಿ ಆ ಕರಡಿಗಳಿಗೆ ಉದ್ಯಾನ ಮಾಡಿದರು, 2007ರ ಹೊತ್ತಿಗೆ ಬೀದಿ ಕುಣಿತ ನಿಂತಿತು. ಅಲ್ಲಿನ ಕರಡಿಗಳಲ್ಲಿ ಕೆಲವು ಎಷ್ಟೋ ವರ್ಷದ ಮೇಲೂ ಮನುಷ್ಯರನ್ನು ಕಂಡರೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದವು ಅಂತ ಪೋಲೆಂಡಿನ ಪತ್ರಕರ್ತ ವಿತೋಲ್ಡ್ ಶಬ್ವೋಫ್ಸ್ಕಿ ಬರೆದಿದ್ದಾರೆ. ಎದುರಿಗೆ ಹಗ್ಗ ಹಿಡಿದವರು ಯಾರೂ ಇಲ್ಲ, ಆದರೂ!

ಹಾಗಾಗಿ ಪುನರ್ವಸತಿ ಅಂದರೆ ಕಾಡಿಗೆ ವಾಪಸು ಅಂತ ತಿಳಿಯಬೇಡಿ. ಕುಣಿದ ಕರಡಿಗೆ ಕಾಡು ಶಾಶ್ವತವಾಗಿ ಮುಚ್ಚಿದ ಬಾಗಿಲು. ಸಾಯುವ ತನಕ ಅದರ ಊಟ, ಔಷಧಿ, ಜಾಗ ಎಲ್ಲ ಮನುಷ್ಯರ ಜವಾಬ್ದಾರಿ. ಒಂದು ಮರಿಯನ್ನು ಗವಿಯಿಂದ ಎತ್ತಲು ಒಂದು ರಾತ್ರಿ ಸಾಕು, ಆ ತಪ್ಪಿನ ಲೆಕ್ಕ ಚುಕ್ತಾ ಮಾಡಲು ಇಪ್ಪತ್ತು ಇಪ್ಪತ್ತೈದು ವರ್ಷ.

2009ರ ಡಿಸೆಂಬರ್ 18ರಂದು ರಾಜು ಬನ್ನೇರುಘಟ್ಟಕ್ಕೆ ಸೇರಿದ. ಅಲ್ಲಿಗೆ ನೂರಾರು ವರ್ಷದ ಒಂದು ಪದ್ಧತಿ ಮುಗಿಯಿತು ಅಂತ ಸಂಸ್ಥೆ ಪ್ರಕಟಿಸಿತು. ಒಟ್ಟು 628 ಕುಣಿಯುವ ಕರಡಿಗಳನ್ನು ಬಿಡಿಸಿದ್ದಾಗಿ ಅದರ ಲೆಕ್ಕ. 1,200 ಎಲ್ಲಿ, 628 ಎಲ್ಲಿ ಅಂತ ನೀವು ಕೇಳಬಹುದು. ಮೊದಲನೆಯದು ತೊಂಬತ್ತರ ದಶಕದಲ್ಲಿ ರಸ್ತೆ ಮೇಲಿದ್ದವುಗಳ ಅಂದಾಜು, ಎರಡನೆಯದು ಆಮೇಲೆ ಕೇಂದ್ರ ತಲುಪಿದವುಗಳ ಎಣಿಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಗಡಿಯಾಚೆ ಇನ್ನೂ ಸ್ವಲ್ಪ ಉಳಿದಿತ್ತು. 2017ರ ಡಿಸೆಂಬರಿನಲ್ಲಿ ನೇಪಾಳದಲ್ಲಿ ರಂಗೀಲಾ, ಶ್ರೀದೇವಿ ಅನ್ನುವ ಎರಡು ಕುಣಿಯುವ ಕರಡಿಗಳು ಸಿಕ್ಕವು. ಶ್ರೀದೇವಿ ಅಲ್ಲೇ ಮೃಗಾಲಯದಲ್ಲಿ ಸತ್ತಿತು. ರಂಗೀಲಾ 2018ರಲ್ಲಿ ಆಗ್ರಾಕ್ಕೆ ಬಂತು.

ಹಾಗಾದರೆ ಕರಡಿಯ ಕಷ್ಟ ಮುಗಿಯಿತಾ? ಇಲ್ಲ, ರೂಪ ಬದಲಾಯಿತು. ನಮ್ಮ ಕರ್ನಾಟಕದಲ್ಲಿ ಹಂಪಿಯ ಹತ್ತಿರ ದರೋಜಿ ಕರಡಿಧಾಮ 1994ರಲ್ಲಿ, ಗುಡೇಕೋಟೆ ಕರಡಿಧಾಮ 2013ರಲ್ಲಿ ಆದವು. ಒಳ್ಳೆಯದೇ. ಆದರೆ ಕರಡಿಗೆ ಧಾಮದ ಗಡಿ ಗೊತ್ತಿಲ್ಲ. ಕಲ್ಲುಗುಡ್ಡಗಳನ್ನು ಗಣಿ, ಕ್ವಾರಿಗಳು ಕರಗಿಸುತ್ತಿರುವಾಗ ಅದು ಹೊಲಕ್ಕೆ ಇಳಿಯುತ್ತದೆ, ಹಂದಿಗೆ ಇಟ್ಟ ಉರುಳಿಗೆ ಸಿಕ್ಕಿಬೀಳುತ್ತದೆ, ಕಟ್ಟೆಯಿಲ್ಲದ ಬಾವಿಗೆ ಬೀಳುತ್ತದೆ. ಈಗ ರಕ್ಷಣೆ ಅಂದರೆ ಹೆಚ್ಚಾಗಿ ಇಂಥ ಕರಡಿಗಳದು. ಇವುಗಳಿಗೆ ಹಲ್ಲಿದೆ, ಕಾಡು ಗೊತ್ತಿದೆ, ಗಾಯ ವಾಸಿಯಾದರೆ ವಾಪಸು ಬಿಡಬಹುದು. ಬಿಡಲು ಗುಡ್ಡ ಉಳಿದಿರಬೇಕು, ಅಷ್ಟೇ.

ಈ ಇತಿಹಾಸದಿಂದ ನನಗೆ ತಿಳಿದದ್ದು ಒಂದೇ ಮಾತು. ಕರಡಿಯನ್ನು ಮಾತ್ರ ನೋಡಿದ ಕಾನೂನು 37 ವರ್ಷ ಒದ್ದಾಡಿತು. ಹಗ್ಗದ ಈ ತುದಿಯಲ್ಲಿ ಕರಡಿ, ಆ ತುದಿಯಲ್ಲಿ ಹೊಟ್ಟೆಗಿಲ್ಲದ ಮನುಷ್ಯ, ಇಬ್ಬರನ್ನೂ ಒಟ್ಟಿಗೆ ಬಿಡಿಸಬೇಕು ಅಂತ ಹೊರಟ ಮೇಲೆ ಕೆಲಸ ಏಳು ವರ್ಷದಲ್ಲಿ ಆಯಿತು. ಖಲಂದರರಿಗೆ ಸಿಕ್ಕಿದ್ದು ಸಾಕಾಯಿತಾ? 50 ಸಾವಿರದಲ್ಲಿ ಒಂದು ಕುಲಕಸುಬಿನ ಬೆಲೆ ತೀರುತ್ತದಾ? ಕರಡಿ ಬಿಟ್ಟು ಬೇರೇನೂ ತಿಳಿಯದ ವಯಸ್ಸಾದವರು ಆಟೋ ಓಡಿಸಲು ಕಲಿಯುವುದಾದರೂ ಹೇಗೆ? ಕೇಳಲೇಬೇಕಾದ ಪ್ರಶ್ನೆಗಳು ಇವು. ಹಾವಾಡಿಗರು, ಕೋತಿ ಆಡಿಸುವವರು, ಕೋಲೆಬಸವನವರು, ಬೀದಿಯಿಂದಲೇ ಬದುಕಿದ ಎಲ್ಲ ಅಲೆಮಾರಿಗಳ ವಿಷಯದಲ್ಲೂ ಕೇಳಬೇಕಾದವು.

ಹಗ್ಗಕ್ಕೆ ಮೂರನೇ ತುದಿ ಅಂತ ಒಂದಿದ್ದರೆ ಅದು ನೋಡುವವರ ಕೈಯಲ್ಲಿತ್ತು. ಬಸ್ಸು ನಿಲ್ಲಿಸಿ ಫೋಟೋ ತೆಗೆಸಿಕೊಂಡವರು, ತಾಯಿತಕ್ಕೆ ಕೂದಲು ಕೇಳಿದವರು. ಅವರಿಗೆ ಯಾರೂ ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ. ಇನ್ನು ಮುಂದೆ ಎಲ್ಲಾದರೂ ಪ್ರವಾಸಕ್ಕೆ ಹೋದಾಗ, ಆನೆ ಸವಾರಿಯೋ, ಹುಲಿಮರಿ ಜೊತೆ ಫೋಟೋನೋ, ಹಾವು ಕೊರಳಿಗೆ ಹಾಕಿಕೊಳ್ಳುವುದೋ, ಯಾರಾದರೂ ಕರೆದರೆ ಒಂದು ನಿಮಿಷ ನಿಂತು ಯೋಚಿಸಿ. ಈ ಪ್ರಾಣಿ ಇಷ್ಟು ಸುಮ್ಮನೆ ಯಾಕೆ ನಿಂತಿದೆ ಅಂತ.